ಹಾಸಿಗೆ ಅಡಿಯ ಸರ್ಟಿಫಿಕೇಟು
(ವಾರ್ಷಿಕೋತ್ಸವದಲ್ಲಿ ಆಡಿದ ಮಾತು)

ಭಾಷಣ ನನ್ನ ಕಸುಬಲ್ಲ, ವೈರಿಂಗ್ ನನ್ನ ಕಸುಬು. ಪಾಳು ಕಟ್ಟಡಗಳಲ್ಲಿ ಕಂಡದ್ದನ್ನ ಹೇಳು ಅಂದರು, ಹೇಳ್ತೇನೆ.

ರಾಸ್ ಅಲ್ ಖೈಮಾದ ಅಲ್ ಜಝೀರಾ ಅಲ್ ಹಮ್ರಾ ಊರನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಸಮುದ್ರದಲ್ಲಿ ಮುತ್ತು ತೆಗೆಯುತ್ತಿದ್ದವರ ಊರು, ಹವಳದ ಕಲ್ಲಿನ ಗೋಡೆಗಳು. 1968ರ ಸುಮಾರಿಗೆ ಜನ ಅಬುಧಾಬಿ ಕಡೆ ಹೊರಟುಹೋದರು. ಮನೆಗಳು, ಮಸೀದಿ ಹಾಗೇ ನಿಂತವು. ಅಲ್ಲಿ ಜಿನ್ ಇದೆ ಅಂತ ರಾತ್ರಿ ಹೋಗಿ ವಿಡಿಯೊ ಮಾಡೋರೂ ಇದ್ದಾರೆ.

ನಾವು ಎಲೆಕ್ಟ್ರಿಷಿಯನ್‌ಗಳು ಖಾಲಿ ಕಟ್ಟಡಕ್ಕೆ ಹಗಲಲ್ಲೇ ಹೋಗೋದು. ಒಡೆಯೋ ಮುಂಚೆ ಕರೆಂಟ್ ಕಡಿಯಬೇಕಲ್ಲ. ಭಯ ಆಗಲ್ಲ ಅಂದ್ರೆ ಸುಳ್ಳು. ಸ್ವಿಚ್ ಆಫ್ ಇದ್ದರೂ ಎಲ್‌ಇಡಿ ಬಲ್ಬು ಮಂಕಾಗಿ ಉರೀತಿರುತ್ತೆ. ದೆವ್ವ ಅಲ್ಲ. ಪಕ್ಕದ ಲೈವ್ ವೈರಿನ ಇಂಡಕ್ಷನ್ ಇರಬಹುದು, ಸ್ವಿಚ್ಚಿನ ಇಂಡಿಕೇಟರ್ ಮೂಲಕ ಹರಿಯೋ ಚೂರು ಕರೆಂಟ್ ಇರಬಹುದು. ಇಲ್ಲಾ, ಯಾರೋ ಪುಣ್ಯಾತ್ಮ ಫೇಸ್ ಬಿಟ್ಟು ನ್ಯೂಟ್ರಲ್‌ಗೆ ಸ್ವಿಚ್ ಕೊಟ್ಟಿರ್ತಾನೆ. ಆಗ ಹೋಲ್ಡರಿನಲ್ಲಿ ಫೇಸ್ ಇದ್ದೇ ಇರುತ್ತೆ, ಮುಟ್ಟಿದರೆ ಪ್ರಾಣ ಹೋಗುತ್ತೆ. ಟೆಸ್ಟ್ ಮಾಡದೆ ಯಾವುದಕ್ಕೂ ಕೈ ಹಾಕಬೇಡಿ.

ಬಲ್ಬಿಗಿಂತ ನನ್ನನ್ನ ಕಾಡೋದು ಉಳಿದ ಸಾಮಾನು. ಹೋದ ವರ್ಷ ಒಂದು ಹಳೇ ಲೇಬರ್ ಕ್ಯಾಂಪಿಗೆ ಹೋಗಿದ್ದೆ. ಗೋಡೆ ಮೇಲೆ ಗಣಪತಿ ಚಿತ್ರ, ಮೂಲೆಯಲ್ಲಿ ಚಪ್ಪಲಿ, ಕುಕ್ಕರು. ಇವನ್ನ ಜನ ಬೇಕಂತಲೇ ಬಿಟ್ಟು ಹೋಗ್ತಾರೆ, 30 ಕೆಜಿ ಲಗೇಜಲ್ಲಿ ಕುಕ್ಕರ್ ಯಾರು ಹೊರ್ತಾರೆ? ಆದರೆ ಸಾಕೆಟ್ ಬಿಚ್ಚೋಕೆ ಅಂತ ಒಂದು ಮಂಚ ಎಳೆದಾಗ ಹಾಸಿಗೆ ಅಡಿಯಿಂದ ಪ್ಲಾಸ್ಟಿಕ್ ಕವರ್ ಜಾರಿ ಬಿತ್ತು. ಐಟಿಐ ಸರ್ಟಿಫಿಕೇಟು. ಒರಿಜಿನಲ್. ಫಿಟ್ಟರ್ ಟ್ರೇಡು, ಹಿಂದೆ ಅಟೆಸ್ಟೇಶನ್ ಸೀಲುಗಳು.

ನನ್ನದು ಊರಲ್ಲಿ ಅಮ್ಮನ ಟ್ರಂಕಿನಲ್ಲಿ, ರೇಷ್ಮೆ ಸೀರೆ ಮಡಿಕೆಯೊಳಗಿದೆ. ಅಂಥದ್ದನ್ನ ಯಾರೂ ಸುಮ್ಮನೆ ಬಿಟ್ಟು ಹೋಗಲ್ಲ. ಆತ ಗಂಟುಮೂಟೆ ಕಟ್ಟೋಕೂ ಪುರುಸೊತ್ತಿಲ್ಲದೆ ಹೋಗಿರಬೇಕು. ಆಸ್ಪತ್ರೆಗೋ, ಇನ್ನೆಲ್ಲಿಗೋ. ನನ್ನ ಕೈ ನಡುಗಿದ್ದು ಆಗ.

ಫೋರ್‌ಮನ್ ಕಸಕ್ಕೆ ಹಾಕು ಅಂದರು. ಹಾಕಲಿಲ್ಲ. ಊರಲ್ಲಿರೋ ತಮ್ಮನಿಂದ ಆ ಐಟಿಐಗೆ ಫೋನ್ ಮಾಡಿಸಿದೆ. ರಿಜಿಸ್ಟರಿನಲ್ಲಿ ವಿಳಾಸ ಸಿಕ್ಕಿತು, ಹೋಗಿ ನೋಡಿದರೆ ಮನೆಯವರು ಊರು ಬಿಟ್ಟು ಎಷ್ಟೋ ವರ್ಷ ಆಗಿದೆ ಅಂದರಂತೆ.

ಈಗ ಆ ಕವರ್ ನಮ್ಮ ಸಂಘದ ಕಾರ್ಯದರ್ಶಿಗಳ ಹತ್ರ ಇದೆ. ಹೆಸರು ಮೈಕಿನಲ್ಲಿ ಹೇಳಲ್ಲ. ನಿಮ್ಮ ರೂಮಿನಿಂದ ಹಾಗೆ ದಿಢೀರನೆ ಹೋದ ಫಿಟ್ಟರ್ ಯಾರಾದರೂ ನೆನಪಿದ್ರೆ, ಊಟ ಆದಮೇಲೆ ಬನ್ನಿ. ಯಾವ ಊರಿನ ಐಟಿಐ, ತಂದೆ ಹೆಸರೇನು, ಎರಡೂ ತಾಳೆ ಆದರೆ ಆತನಿಗೆ ತಲುಪಿಸೋಣ.