ಬಿ.ಎ. ಪದವಿಯ ಬೆಲೆಯೆಷ್ಟು?

(ವಿಜಯವಾಡದಲ್ಲಿ ನೆರೆದ ಕನ್ನಡ ಹೋಟೆಲು ಕಾರ್ಮಿಕರ ಮುಂದೆ ಮಾಡಿದ ಭಾಷಣ)



ಏಳನೆಯ ತರಗತಿಗೆ ಶಾಲೆ ಬಿಟ್ಟು, ತಟ್ಟೆ ಲೋಟ ತೊಳೆಯುವಲ್ಲಿಂದ ಸುರುಮಾಡಿದ ನಾವು ಬಿ.ಎ. ಪದವಿಯ ವಿಷಯ ಮಾತಾಡುವುದೆಂದರೆ ನಗೆಗೀಡಿನ ಸಂಗತಿಯೇ ಸರಿ. ಆದರೂ ಮಾತು ಎತ್ತಬೇಕಾಗಿದೆ. ಕಳೆದ ಬೇಸಗೆಯಲ್ಲಿ ವಿಶಾಖಪಟ್ಟಣದಿಂದ ನಮ್ಮ ಜೊತೆಗಾರರೊಬ್ಬರು, ಇಪ್ಪತ್ತು ವರ್ಷ ದೋಸೆಕಲ್ಲಿನ ಮುಂದೆ ನಿಂತವರು, ಫೋನು ಮಾಡಿದರು. "ಮಗ ಇಂಟರ್ ಪಾಸಾಗಿದ್ದಾನೆ, ಬಿ.ಎ. ಸೇರುತ್ತೇನೆ ಅನ್ನುತ್ತಾನೆ. ಚರಿತ್ರೆ ಓದಿದರೆ ಹೊಟ್ಟೆ ತುಂಬುತ್ತದೆಯೇ ಮಾರಾಯ್ರೆ? ಇಲ್ಲಿ ಧಣಿಗಳು ಗಲ್ಲಾದಲ್ಲಿ ಕೂರಲು ಕರೆಯುತ್ತಿದ್ದಾರೆ" ಎಂದರು. ಅಂದು ನಮಗೆ ಉತ್ತರ ತೋಚಲಿಲ್ಲ. ಇಂದು ಲೆಕ್ಕ ಹಾಕಿಕೊಂಡು ಬಂದಿದ್ದೇವೆ.

ಗಲ್ಲಾದ ಕೆಲಸಕ್ಕೆ ತಿಂಗಳಿಗೆ 12,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮೂರು ವರ್ಷ, ಅಂದರೆ 36 ತಿಂಗಳು ಕಾಲೇಜಿಗೆ ಹೋದರೆ ಕೈತಪ್ಪುವ ದುಡ್ಡು 4,32,000. ಫೀಸು, ಪುಸ್ತಕ, ಬಸ್ಸು ಸೇರಿ ವರ್ಷಕ್ಕೆ 15,000ದಂತೆ 45,000. ಒಟ್ಟು 4,77,000 ರೂಪಾಯಿ. ಫೀಸನ್ನು ಮಾತ್ರ ಖರ್ಚೆಂದು ತಿಳಿದವರು ಲೆಕ್ಕದ ಹತ್ತರಲ್ಲಿ ಒಂಬತ್ತು ಪಾಲನ್ನು ಮರೆತ ಹಾಗೆ. ಪದವಿ ಪಡೆದ ಮೇಲೆ 18,000ದ ನೌಕರಿ ಸಿಕ್ಕಿತೆನ್ನಿ. ತಿಂಗಳಿಗೆ 6,000 ಹೆಚ್ಚು. ಹಾಕಿದ ಹಣ ಹಿಂದಿರುಗಲು ಸುಮಾರು ಆರೂವರೆ ವರ್ಷ. ಸಿಕ್ಕಿದ್ದು 14,000ದ ನೌಕರಿಯಾದರೆ ಇಪ್ಪತ್ತು ವರ್ಷ! ಅದೇ 12,000ವಾದರೆ ಎಂದೂ ಇಲ್ಲ. ಇದರಲ್ಲಿ ಗಲ್ಲಾದವನ ಬಡ್ತಿಯನ್ನು ನಾವು ಸೇರಿಸಿಲ್ಲ. ಹೋಟೆಲಿನಲ್ಲಿ ಬಡ್ತಿ ಎಂಬುದು ಧಣಿಗಳ ಮರ್ಜಿ, ತಮಗೆ ಗೊತ್ತೇ ಇದೆ.

ಇನ್ನು ನೌಕರಿ ಸಿಕ್ಕೀತೆ ಎಂಬ ಪ್ರಶ್ನೆ. 2022-23ರ ಕೇಂದ್ರ ಸರಕಾರದ ಸಮೀಕ್ಷೆಯಂತೆ ಪದವೀಧರರಲ್ಲಿ ನೂರಕ್ಕೆ 13ಕ್ಕಿಂತ ಹೆಚ್ಚು ಮಂದಿಗೆ ಕೆಲಸವಿರಲಿಲ್ಲ. ಅಕ್ಷರ ಬಾರದವರಲ್ಲಿ ಈ ಸಂಖ್ಯೆ ತೀರ ಕಡಿಮೆ. ಅವರು ಸುಖವಾಗಿದ್ದಾರೆಂದಲ್ಲ, ಕೆಲಸವಿಲ್ಲದೆ ಒಂದು ದಿನ ಕೂರುವ ಶಕ್ತಿ ಅವರಿಗಿಲ್ಲ. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಾಗಲಿ ಹಡಗು ಕಟ್ಟುವಲ್ಲಾಗಲಿ ಯಂತ್ರದ ಕೆಲಸಕ್ಕೆ ಕೇಳುವುದು ಐ.ಟಿ.ಐ., ಡಿಪ್ಲೊಮಾಗಳನ್ನು, ಬಿ.ಎ.ಯನ್ನಲ್ಲ. ಕೈಕೆಲಸದಲ್ಲಿ ಮನಸ್ಸಿರುವ ಹುಡುಗನನ್ನು ಬಲವಂತದಿಂದ ಬಿ.ಎ.ಗೆ ನೂಕುವುದು ದಡ್ಡತನ.

ಹಾಗಾದರೆ ಬಿ.ಎ. ದಂಡವೇ? ಬ್ಯಾಂಕು ಗುಮಾಸ್ತರ ಪರೀಕ್ಷೆಗೆ ಯಾವ ಪದವಿಯಾದರೂ ಸಾಕು. ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರ ಹುದ್ದೆಗೂ ಹಾಗೆಯೇ. ಬಿ.ಎಡ್. ಮಾಡಿದರೆ ಮೇಷ್ಟರಾಗಬಹುದು. ಬಿ.ಎ. ಎಂಬುದು ನೌಕರಿಯಲ್ಲ, ಪರೀಕ್ಷೆಯ ಕೋಣೆಯೊಳಗೆ ಬಿಡುವ ಚೀಟಿ. ಒಳಗೆ ಹೋದ ಮೇಲೆ ಬರೆಯಬೇಕಾದವನು ಹುಡುಗನೇ. ಬ್ಯಾಂಕು ಗುಮಾಸ್ತರ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ 28 ದಾಟಿದರೆ ಬಾಗಿಲು ಮುಚ್ಚುತ್ತದೆ. ಈ ಸಂಗತಿ ತಿಳಿಯದೆ ಕೆಟ್ಟವರು ನಮ್ಮಲ್ಲೇ ಇದ್ದಾರೆ.

ಈ ಊರಿನವರಿಗೆ ಒಂದು ಮಾತು. ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಹುಟ್ಟಿದ್ದು ಇದೇ ಬೆಜವಾಡದಲ್ಲಿ. 1930ರಲ್ಲಿ ಅದು ವಾಲ್ತೇರಿಗೆ ಹೋಯಿತು. ಮೊದಲ ಉಪಕುಲಪತಿ ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರು ಹಿಂದೆ ಮೈಸೂರಿನ ವಿದ್ಯಾ ಇಲಾಖೆಯಲ್ಲಿದ್ದವರು. ಅವರ ಬಳಿಕ ಬಂದ ರಾಧಾಕೃಷ್ಣನ್ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದವರು, 1962ರಲ್ಲಿ ರಾಷ್ಟ್ರಪತಿಗಳಾದರು. ತತ್ತ್ವಶಾಸ್ತ್ರ ಓದಿದವರೆಲ್ಲ ರಾಷ್ಟ್ರಪತಿಗಳಾಗುವುದಿಲ್ಲವೆಂದು ತಾವು ನಗಬಹುದು. ನಗಿರಿ.

ಮುಂಬಯಿಯಲ್ಲಿ ನಮ್ಮ ಹಿರಿಯರು ಹಗಲು ಹೋಟೆಲು, ಗಿರಣಿಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕಲಿತರು. 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಮಗ್ಗವಲ್ಲದೆ ಬೇರೇನೂ ತಿಳಿಯದವರು ಬೀದಿಯಲ್ಲಿ ನಿಂತರು. ಸಂಬಳದ ಲೆಕ್ಕದಲ್ಲಿ ಕಾಣದ ಬೆಲೆ ಇದು: ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತಟ್ಟುವ ಧೈರ್ಯ. ನಮ್ಮದೇ ಮಾತು ಹೇಳುವುದಾದರೆ, ಓವರ್‌ಟೈಮ್ ಬಾಕಿಗಾಗಿ ಲೇಬರ್ ಆಫೀಸಿಗೆ ಅರ್ಜಿ ಬರೆಯಬೇಕಾದಾಗ ಹನ್ನೊಂದು ಜನ ದೊಡ್ಡವರು ಒಬ್ಬ ಬಿ.ಎ. ಹುಡುಗಿಯ ಎದುರು ಕೈಕಟ್ಟಿ ಕುಳಿತಿದ್ದೆವು. ಆಕೆ ನಮ್ಮ ಅಡಿಗೆ ಭಟ್ಟರೊಬ್ಬರ ಮಗಳು. ಬಾಕಿ ಬಂತು.

ದುಡಿಮೆ ಬಿಡದೆ ಓದುವ ದಾರಿಯೂ ಇದೆ. ಆಂಧ್ರ ವಿಶ್ವವಿದ್ಯಾಲಯದಲ್ಲಿ 1972ರಿಂದ ಅಂಚೆ ಶಿಕ್ಷಣ ನಡೆದಿದೆ. 1982ರಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ ಹೈದರಾಬಾದಿನಲ್ಲಿ ತೆರೆಯಿತು. ಆಗ 4,32,000ದ ನಷ್ಟವೇ ಇಲ್ಲ, ಉಳಿಯುವುದು ಫೀಸು ಮಾತ್ರ. ಅಡ್ಡಿ ಇರುವುದು ನಮ್ಮ ಪಾಳಿಯಲ್ಲಿ. ಬೆಳಗ್ಗೆ ಐದರಿಂದ ಹನ್ನೊಂದು, ಸಂಜೆ ನಾಲ್ಕರಿಂದ ಹತ್ತು. ನಡುವಿನ ಹೊತ್ತು ನಿದ್ದೆಗೇ ಸಾಲದು. ನಮ್ಮ ಕೋಣೆಯಲ್ಲಿದ್ದ ಸಪ್ಲೈಯರ್ ತಮ್ಮನೊಬ್ಬ ಎರಡು ವರ್ಷ ಹೀಗೆ ಓದಿದ. ಪರೀಕ್ಷೆಯ ವಾರ ಮದುವೆಯ ಆರ್ಡರು ಬಂತು. ಧಣಿಗಳು ರಜೆ ಕೊಡಲಿಲ್ಲ. ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದ, ಮತ್ತೆ ಇಳಿಸಲಿಲ್ಲ.

ವಿಶಾಖಪಟ್ಟಣದ ಹುಡುಗ ಕಾಲೇಜು ಸೇರಿದ್ದಾನೆ. ಸಂಜೆ ಐದರಿಂದ ಒಂಬತ್ತು ಗಲ್ಲಾದಲ್ಲಿ ಕೂರುತ್ತಾನೆ, ತಿಂಗಳಿಗೆ 5,000. ಮೂರು ವರ್ಷಕ್ಕೆ 1,80,000 ಕೈಗೆ ಬರುತ್ತದೆ. ನಷ್ಟ 2,97,000ಕ್ಕೆ ಇಳಿಯುತ್ತದೆ. ಇಷ್ಟಕ್ಕೆ ಆ ಧಣಿಗಳು ಒಪ್ಪಿದ್ದಾರೆ. ಉಳಿದವರೂ ಒಪ್ಪಬೇಕೆಂದು, ಪರೀಕ್ಷೆಯ ದಿನಗಳಲ್ಲಿ ಸಂಬಳ ಸಹಿತ ರಜೆಯೂ ಓದುವವರಿಗೆ ಒಂದೇ ಪಾಳಿಯೂ ಬೇಕೆಂದು ನಾವು ಬರೆದ ಕಾಗದ ಅಧ್ಯಕ್ಷರ ಮೇಜಿನ ಮೇಲಿದೆ. ತಮ್ಮ ತಮ್ಮ ಹೋಟೆಲುಗಳಲ್ಲಿ ಈ ವರ್ಷ ಪರೀಕ್ಷೆಗೆ ಕೂರುವವರ ಹೆಸರನ್ನು ಊಟಕ್ಕೇಳುವ ಮುನ್ನ ಅದರ ಕೆಳಗೆ ಬರೆಯಬೇಕೆಂದು ಕೇಳಿಕೊಳ್ಳುತ್ತೇವೆ.