ಹಳೆಯ ವೈನಿನ ಬೆಲೆ ಮತ್ತು ನಮ್ಮ ತೋಟದ ಲೆಕ್ಕ
(ತುಮಕೂರಿನಲ್ಲಿ ರೈತರ ಮುಂದೆ ಮಾಡಿದ ಭಾಷಣ)



ಗುಬ್ಬಿ, ಕುಣಿಗಲ್ ಕಡೆಯ ಕೆಲವರು ವೈನ್ ದ್ರಾಕ್ಷಿ ಹಾಕಬಹುದೇ ಎಂದು ಕೇಳಿದ್ದೀರಿ. ವೈನನ್ನು ಇಟ್ಟಷ್ಟೂ ಬೆಲೆ ಏರುತ್ತದಂತೆ ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದಿದೆ. ಕುಡಿತವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆದರೆ ತೋಟಕ್ಕೆ ಹಣ ಹೂಡುವ ಮೊದಲು ಆ ಮಾತಿನಲ್ಲಿ ನಿಜವೆಷ್ಟು ಎಂಬುದನ್ನು ತಿಳಿಯುವುದು ಒಳ್ಳೆಯದು.

ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ಶಾತೋ ಲತೂರ್ ಎಂಬ ತೋಟವಿದೆ. 1855ರಲ್ಲಿ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ಅಲ್ಲಿನ ವೈನುಗಳನ್ನು ದರ್ಜೆವಾರು ವಿಂಗಡಿಸಿದಾಗ, ಕೆಂಪು ವೈನಿಗೆ ಮೊದಲ ದರ್ಜೆ ಪಡೆದ ನಾಲ್ಕು ತೋಟಗಳಲ್ಲಿ ಇದೂ ಒಂದು. ಇದರ ಮುಖ್ಯ ವೈನಿಗೆ ಹಣ್ಣು ಬರುವುದು ಸುಮಾರು 47 ಹೆಕ್ಟೇರಿನ ಹಳೆಯ ತಾಕಿನಿಂದ. ನೆಲ ಗರಸು, ನೀರು ನಿಲ್ಲುವುದಿಲ್ಲ. ಎಳೆಯ ಬಳ್ಳಿಗಳ ಹಣ್ಣು ಎರಡನೆಯ ವೈನಿಗೆ ಹೋಗುತ್ತದೆ. ವೈನು ಪೀಪಾಯಿಯಲ್ಲಿರುವಾಗಲೇ ಮುಂಗಡವಾಗಿ ಮಾರುವ ಪದ್ಧತಿಯನ್ನು ಬಿಟ್ಟು, ಹದವಾದ ಮೇಲೆಯೇ ಮಾರುವುದಾಗಿ ಇವರು 2012ರಲ್ಲಿ ಸಾರಿದರು.

ಇಂಥ ತೋಟದ ಹಳೆಯ ವೈನುಗಳನ್ನು ರುಚಿ ನೋಡುವುದಕ್ಕೆ ಒಂದು ಕ್ರಮವಿದೆ. ಸೀಸೆಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕಿಳಿದ ಮೇಲೆ ಮೆಲ್ಲಗೆ ಬಗ್ಗಿಸುತ್ತಾರೆ. ಬೇರೆ ಬೇರೆ ವರ್ಷಗಳದ್ದನ್ನು ಸಾಲಾಗಿಟ್ಟು ಹೋಲಿಸುತ್ತಾರೆ. ಎಳೆಯದಕ್ಕೆ ನೇರಳೆ ಹಣ್ಣಿನ ಬಣ್ಣ. ಹಳೆಯದರ ಅಂಚು ಇಟ್ಟಿಗೆಗೆಂಪು. ಎಳೆಯದರ ಒಗರು ನಾಲಿಗೆಯನ್ನು ಹಿಡಿಯುತ್ತದೆ. ಅಡಕೆ ಬೇಯಿಸುವ ನಿಮಗೆ ಚೊಗರು ಗೊತ್ತು. ಅದರ ಒಗರಿಗೆ ಕಾರಣವಾದ ಟ್ಯಾನಿನ್ ಜಾತಿಯ ವಸ್ತುಗಳೇ ದ್ರಾಕ್ಷಿಯ ಸಿಪ್ಪೆಯಲ್ಲೂ ಬೀಜದಲ್ಲೂ ಇವೆ. ವರ್ಷಗಳು ಕಳೆದಂತೆ ಅವು ಒಂದಕ್ಕೊಂದು ಕೂಡಿ, ಸ್ವಲ್ಪ ಭಾಗ ಗಸಿಯಾಗಿ ಇಳಿದು, ಒಗರು ಮೆತ್ತಗಾಗುತ್ತದೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ತೋಟ ಒಂದೇ ಆದರೂ, ಕೊಯ್ಲಿನ ಹೊತ್ತಿಗೆ ಮಳೆ ಹಿಡಿದ ವರ್ಷದ ವೈನು ತೆಳುವಾಗಿ ಬೇಗ ಸೋಲುತ್ತದೆ. ಹಣ್ಣು ಚೆನ್ನಾಗಿ ಕಳಿತ ವರ್ಷದ್ದು ದಶಕಗಳ ಕಾಲ ನಿಲ್ಲುತ್ತದೆ. ಹಣ್ಣಿನಲ್ಲಿ ಇಲ್ಲದ ಗುಣವನ್ನು ನೆಲಮಾಳಿಗೆ ತಂದುಕೊಡಲಾರದು. ಪ್ರಪಂಚದಲ್ಲಿ ತಯಾರಾಗುವ ಬಹುಪಾಲು ವೈನು ಕೆಲವೇ ವರ್ಷಗಳಲ್ಲಿ ಕುಡಿಯತಕ್ಕದ್ದು, ಇಟ್ಟರೆ ಕೆಡುತ್ತದೆ.

ನಮ್ಮಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ, ನಂದಿಬೆಟ್ಟದ ತಪ್ಪಲಿನಲ್ಲಿ, ಗ್ರೋವರ್ ಸಂಸ್ಥೆಯವರು 1988ರಲ್ಲಿ ಫ್ರೆಂಚ್ ತಳಿಗಳ ತೋಟ ಹಾಕಿದರು. ಅವರ ‘ಲಾ ರಿಸರ್ವ್’ ಎಂಬ ಕೆಂಪು ವೈನು ಕ್ಯಾಬರ್ನೆ ಸೋವಿನ್ಯೋ ಮತ್ತು ಶಿರಾಜ್ ತಳಿಗಳ ಮಿಶ್ರಣ. ಆದರೆ ಫ್ರಾನ್ಸಿನಲ್ಲಿ ಬಳ್ಳಿ ಚಳಿಗಾಲವೆಲ್ಲ ನಿದ್ರಿಸುತ್ತದೆ. ನಮ್ಮಲ್ಲಿ ನಿದ್ರೆಯಿಲ್ಲ, ವರ್ಷಕ್ಕೆ ಎರಡು ಸಲ ಸವರಬೇಕು. ಬಿಸಿಲೇರುವ ಕಾಲದಲ್ಲಿ ಹಣ್ಣಾಗುವುದರಿಂದ ಸಕ್ಕರೆ ಬೇಗ ಏರಿ ಹುಳಿ ಇಳಿಯುತ್ತದೆ. ಆದ್ದರಿಂದ ಕೊಯ್ಲಿನ ದಿನವನ್ನು ಅಳತೆ ಮಾಡಿಯೇ ಗೊತ್ತುಪಡಿಸಬೇಕು.

ಈಗ ನಿಮ್ಮ ಪ್ರಶ್ನೆಗೆ ಉತ್ತರ. ಮೊದಲು ಕೊಳ್ಳುವವರನ್ನು ಗೊತ್ತುಮಾಡಿಕೊಂಡು ಲಿಖಿತ ಕರಾರು ಮಾಡಿಕೊಳ್ಳಿ, ಬಳ್ಳಿ ಆಮೇಲೆ. ವೈನ್ ತಳಿಯ ಸಣ್ಣ ಹಣ್ಣು ತಿನ್ನುವ ದ್ರಾಕ್ಷಿಯ ಮಾರುಕಟ್ಟೆಯಲ್ಲಿ ನಡೆಯುವುದಿಲ್ಲ. ಬೆಂಗಳೂರು ನೀಲಿ ಈ ಬಗೆಯ ವೈನಿಗೆ ಆಗುವುದಿಲ್ಲ. ಒಳ್ಳೆಯ ವೈನಿಗೆ ಗೊಂಚಲು ಕಿತ್ತು ಇಳುವರಿ ತಗ್ಗಿಸಬೇಕಾದೀತು. ಕರಾರಿನ ದರ ಆ ನಷ್ಟವನ್ನು ತುಂಬುವಂತಿರಬೇಕು. ಮಣ್ಣು, ನೀರು ಪರೀಕ್ಷೆ ಮಾಡಿಸಿ. ಫಲ ಕೊಡುತ್ತಿರುವ ತೆಂಗು, ಅಡಕೆಯನ್ನು ಕಡಿದು ಮಾತ್ರ ದ್ರಾಕ್ಷಿ ಹಾಕಬೇಡಿ.

ಹೆಸರು ಗಳಿಸಲು ದ್ರಾಕ್ಷಿಯೇ ಆಗಬೇಕೆಂದಿಲ್ಲ. ಗುಬ್ಬಿ ತಾಲ್ಲೂಕು ಚೇಳೂರಿನ ಒಂದು ಹಲಸಿನ ಮರ ತನ್ನ ತಾಮ್ರಗೆಂಪು ತೊಳೆಯಿಂದ ‘ಸಿದ್ದು’ ಎಂಬ ತಳಿಯಾಯಿತು. ಹಿರೇಹಳ್ಳಿ ಕೇಂದ್ರದ ನೆರವಿನಿಂದ ಅದರ ಕಸಿಗಿಡಗಳು ಊರೂರಿಗೆ ಹೋದವು. ನಿಮ್ಮ ಹಿತ್ತಲಿನಲ್ಲಿಯೂ ಅಂಥ ಮರವಿದ್ದೀತು. ಮೊದಲು ಅದರ ಹಣ್ಣನ್ನು ರುಚಿ ನೋಡಿ.