ಹಳೆಯ ದೊಡ್ಡ ಬೋರಿನ ಕೋವಿಗಳು

ಕೋವಿಯ ಲೆಕ್ಕ ಸ್ವಲ್ಪ ವಿಚಿತ್ರ. ಹನ್ನೆರಡು ಬೋರಿಗಿಂತ ಎಂಟು ಬೋರು ದೊಡ್ಡದು, ಎಂಟಕ್ಕಿಂತ ನಾಲ್ಕು ಇನ್ನೂ ದೊಡ್ಡದು. ಕಾರಣ ಇಷ್ಟೇ: ನಳಿಗೆಗೆ ಸರಿಯಾಗಿ ಕೂರುವ ಎಷ್ಟು ಸೀಸದ ಗುಂಡುಗಳು ಸೇರಿದರೆ ಒಂದು ಪೌಂಡು, ಅಂದರೆ 454 ಗ್ರಾಂ ಆಗುತ್ತದೆಯೋ, ಆ ಸಂಖ್ಯೆಯೇ ಬೋರು. 12 ಬೋರಿನ ಒಳವ್ಯಾಸ ಸುಮಾರು 18.5 ಮಿ.ಮೀ., 4 ಬೋರಿನದು ಸುಮಾರು 26.7.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಜೌಗು ತೀರಗಳಲ್ಲಿ ದೂರದ ಬಾತುಗಳಿಗೆ ಗುರಿಯಿಡಲು ಇವು ಬಳಕೆಯಾದವು. ಚರೆ ಹೆಚ್ಚಿದಷ್ಟೂ ಒದೆತ ಹೆಚ್ಚು; ಅದನ್ನು ತಡೆಯಲೆಂದೇ ಕೋವಿಯನ್ನು ಭಾರವಾಗಿ ಮಾಡುತ್ತಿದ್ದರು. ಅಮೆರಿಕದಲ್ಲಿ ಮಾರಾಟಕ್ಕಾಗಿ ನಡೆದ ಬೇಟೆಯಿಂದ ಹಕ್ಕಿಗಳು ಕುಸಿದವು. 1918ರ ಕಾಯಿದೆಯ ನಂತರ ವಲಸೆ ಹಕ್ಕಿಗಳ ಮೇಲೆ 10 ಬೋರಿಗಿಂತ ದೊಡ್ಡ ಕೋವಿಯನ್ನು ಬಳಸುವಂತಿಲ್ಲವೆಂದಾಯಿತು. ಇಂದು ಆ ದೇಶಗಳ ಸಂಗ್ರಾಹಕರು ಹಲವರು ಮಣ್ಣಿನ ಬಿಲ್ಲೆಗಳನ್ನು ಹಾರಿಸಿ ಹೊಡೆಯುತ್ತಾರೆ.

ಕೆಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆಂದು ಗೆಳೆಯರೊಬ್ಬರ ಮನೆಗೆ ಹೋಗಿದ್ದೆ. ಅವರ ತಾತನ ಕಾಲದ ಎಂಟು ಬೋರಿನ ಇಂಗ್ಲಿಷ್ ಕೋವಿ. ನಳಿಗೆಯ ತುಂಬ ಅಲೆಯಲೆಯಾದ ಚಿತ್ತಾರ. ಹಿತ್ತಾಳೆಯ ಹಳೆಯ ತೋಟಾಕ್ಕೆ ಹೊಸ ಮದ್ದು ತುಂಬಿಟ್ಟಿದ್ದ ಅವರು, "ಒಂದು ಈಡು ಹೊಡೆದು ತೋರಿಸಲೇ? ಕ್ಯಾಮೆರಾ ರೆಡಿ ಇದೆಯಾ?" ಎಂದರು. ಸದ್ದು, ಹೊಗೆ, ಬೆಂಕಿ: ನಿರ್ಮಾಪಕನಿಗೆ ಇನ್ನೇನು ಬೇಕು? ಆಸೆಯಾಯಿತು. ಆದರೂ ನಳಿಗೆಯ ತಳ ತಿರುಗಿಸಿ ನೋಡಿದೆ. ಕರಿಮದ್ದಿನ ಪರೀಕ್ಷೆಯ ಮುದ್ರೆಯಷ್ಟೇ ಇತ್ತು.

ಆ ಚಿತ್ತಾರದ ಹೆಸರು ಡಮಾಸ್ಕಸ್. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು, ಕಂಬಿಯೊಂದಕ್ಕೆ ಸುತ್ತಿ, ಕುಲುಮೆಯಲ್ಲಿ ಕಾಯಿಸಿ ಬಡಿದು ಬೆಸೆದದ್ದು. ಬೆಸುಗೆಯೊಳಗೆ ಕಿಟ್ಟವೋ ತುಕ್ಕೋ ಅಡಗಿದ್ದರೆ ಕಣ್ಣಿಗೆ ಕಾಣದು. ಹೊಗೆಯಿಲ್ಲದ ಹೊಸ ಮದ್ದಿಗೆ ತೂಕಕ್ಕೆ ತೂಕ ಕರಿಮದ್ದಿಗಿಂತ ಬಹಳ ಹೆಚ್ಚು ಶಕ್ತಿ. ಹಳೆಯ ಅಳತೆಯಲ್ಲೇ ಹೊಸದನ್ನು ತುಂಬಿದರೆ ನಳಿಗೆ ಸಿಡಿಯಬಹುದು; ಸಿಡಿಯುವ ಜಾಗದ ಪಕ್ಕದಲ್ಲೇ ನಳಿಗೆ ಹಿಡಿದ ಎಡಗೈ ಇರುತ್ತದೆ.

"ಬೇಡ ಸರ್" ಎಂದೆ. ಅವರಿಗೆ ಬೇಸರವಾಯಿತು. ಆ ದಿನ ಚಿತ್ತಾರವನ್ನಷ್ಟೇ ಹತ್ತಿರದಿಂದ ಚಿತ್ರಿಸಿಕೊಂಡೆವು.

ತಿಳಿದ ಸಂಗ್ರಾಹಕರು ನಳಿಗೆಯ ದಪ್ಪ ಅಳೆಸಿ, ನುರಿತವರಿಂದ ಪರೀಕ್ಷೆ ಮಾಡಿಸಿ, ಅದಕ್ಕೆ ತಕ್ಕ ಮದ್ದನ್ನೇ ತುಂಬುತ್ತಾರೆ. ಕರಿಮದ್ದಿನ ಮಸಿ ತೇವ ಹೀರಿ ತುಕ್ಕು ತರುವುದರಿಂದ ಹೊಡೆದ ದಿನವೇ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚುತ್ತಾರೆ. ಉಕ್ಕಿನ ಚರೆ ಹಳೆಯ ನಳಿಗೆಯನ್ನು ಕೆಡಿಸುತ್ತದೆಂದು ಸೀಸಕ್ಕೆ ಬದಲಾಗಿ ಬಿಸ್ಮತ್ ಬಳಸುವವರಿದ್ದಾರೆ.

ನಿಮ್ಮ ಮನೆಯ ಅಟ್ಟದಲ್ಲೂ ಅಂಥ ಕೋವಿಯಿದ್ದರೆ ಮೊದಲು ಪರವಾನಗಿಯ ವಿಚಾರ ನೋಡಿಕೊಳ್ಳಿ. ಆಮೇಲೆ ಅದರ ಚಿತ್ತಾರವನ್ನು ಕಣ್ತುಂಬ ನೋಡಿ. ಹೊಡೆದು ನೋಡುವ ಆಸೆ ಮಾತ್ರ ಬೇಡ.